ಓದುಗರ ಪ್ರಶ್ನೆ: ಮಲ್ಲಿಗೆಯ ರೇಟು ಮತ್ತು ಬೇಡಿಕೆಯ ನಿಯಮ

ಪ್ರಶ್ನೆ: ನಾನು ಉಡುಪಿ ಜಿಲ್ಲೆಯ ಪದವಿಪೂರ್ವ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕಿ. ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ ಎಂದು ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು, “ಮದುವೆ ಸೀಸನ್ನಿನಲ್ಲಿ ಶಂಕರಪುರ ಮಲ್ಲಿಗೆಗೆ ರೇಟು ಏರಿದರೂ ಜನ ಹೆಚ್ಚೇ ಕೊಳ್ಳುತ್ತಾರಲ್ಲ ಮೇಡಂ, ಹಾಗಾದರೆ ಈ ನಿಯಮ ಸುಳ್ಳಾ?” ಎಂದು ಕೇಳಿದಳು. ಉಳಿದವರು ವ್ಯಾಖ್ಯೆಯನ್ನು ಬಾಯಿಪಾಠ ಮಾಡಿ ಅಂಕ ಗಳಿಸುತ್ತಾರೆ. ವಿಷಯ ಮನದಟ್ಟಾಗುವಂತೆ ಕಲಿಸುವುದು ಹೇಗೆ?

ಉತ್ತರ: ಮಾನ್ಯರೇ, ಆ ಹುಡುಗಿಯ ಪ್ರಶ್ನೆಯಿಂದಲೇ ಪಾಠ ಆರಂಭಿಸಿ. ಈ ನಿಯಮದೊಂದಿಗೇ ಬರುವ ‘ಇತರ ಅಂಶಗಳು ಸ್ಥಿರವಾಗಿದ್ದಾಗ’ ಎಂಬ ಮಾತನ್ನು ಮಕ್ಕಳು ಬರೆದುಕೊಳ್ಳುತ್ತಾರೆಯೇ ಹೊರತು ಅದು ಅಲ್ಲಿ ಏಕಿದೆ ಎಂದು ಯೋಚಿಸುವುದಿಲ್ಲ. ಮದುವೆಯ ದಿನಗಳಲ್ಲಿ ಮೊದಲು ಬದಲಾಗುವುದು ಬೆಲೆಯಲ್ಲ, ಹೂವಿನ ಅಗತ್ಯ. ಎಲ್ಲ ಬೆಲೆಗಳಲ್ಲೂ ಜನ ಹೆಚ್ಚು ಹೂ ಬಯಸುವುದರಿಂದ ಬೇಡಿಕೆಯ ರೇಖೆಯೇ (ಯಾವ ಬೆಲೆಗೆ ಎಷ್ಟು ಕೊಳ್ಳುತ್ತಾರೆಂದು ತೋರಿಸುವ ಗೆರೆ) ಬಲಕ್ಕೆ ಪಲ್ಲಟಗೊಳ್ಳುತ್ತದೆ, ಬೆಲೆಯ ಏರಿಕೆ ಅದರ ಪರಿಣಾಮ. ಅಟ್ಟೆಯ (ನಾಲ್ಕು ಚೆಂಡು ಹೂವಿನ) ದರ ಹೆಚ್ಚಾದಾಗ ನಾಲ್ಕು ಚೆಂಡು ಕೊಳ್ಳಬೇಕೆಂದಿದ್ದವರು ಎರಡೇ ಚೆಂಡು ಸಾಕೆಂದರೆ, ಅದು ರೇಖೆಯ ಮೇಲಿನ ಚಲನೆ. ಈ ಎರಡನ್ನು ಬೇರ್ಪಡಿಸಿ ನೋಡಲು ಕಲಿತವರಿಗೆ ಮುಂದಿನ ಅರ್ಧ ಪಾಠ ಸುಲಭವಾಗುತ್ತದೆ.

ಇದಕ್ಕಿಂತಲೂ ಪರಿಣಾಮಕಾರಿಯಾದುದು ತರಗತಿಯಲ್ಲೇ ಮಾರುಕಟ್ಟೆ ನಡೆಸುವುದು. 1948ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಎಡ್ವರ್ಡ್ ಚೇಂಬರ್ಲಿನ್ ತಮ್ಮ ವಿದ್ಯಾರ್ಥಿಗಳ ಮೇಲೆ ನಡೆಸಿದ ಇಂಥ ಪ್ರಯೋಗದ ವರದಿ ಪ್ರಕಟಿಸಿದರು. ಅದನ್ನು ಸುಧಾರಿಸಿ ಬೆಳೆಸಿದ ವರ್ನನ್ ಸ್ಮಿತ್ 2002ರಲ್ಲಿ ನೊಬೆಲ್ ಪುರಸ್ಕಾರ ಪಡೆದರು. ನಿಮಗೆ ಬೇಕಾಗಿರುವುದು 16 ಚೀಟಿಗಳು ಮಾತ್ರ. ಎಂಟು ಮಂದಿ ಬಂಗುಡೆ ಮೀನು ಮಾರುವವರು. ಅವರ ಚೀಟಿಗಳಲ್ಲಿ ಕಿಲೋಗೆ ತಗಲಿದ ವೆಚ್ಚ 40, 50, 60 ಎಂದು ಹತ್ತರಂತೆ ಏರುತ್ತಾ 110ರವರೆಗೆ ಇರಲಿ. ಕೊಳ್ಳುವ ಎಂಟು ಮಂದಿಯ ಚೀಟಿಗಳಲ್ಲಿ ಅವರು ಕೊಡಬಲ್ಲ ಗರಿಷ್ಠ ಬೆಲೆ 125ರಿಂದ ಹತ್ತರಂತೆ ಇಳಿಯುತ್ತಾ 55ರವರೆಗೆ ಇರಲಿ. ಪ್ರತಿಯೊಬ್ಬರಿಗೂ ಒಂದೇ ಕಿಲೋ, ಚೀಟಿ ಗುಟ್ಟಾಗಿರಬೇಕು, ಕುದುರಿದ ಬೆಲೆಯನ್ನು ಕೂಡಲೇ ಹಲಗೆಯ ಮೇಲೆ ಬರೆಯಬೇಕು. ಮೊದಲ ಸುತ್ತಿನಲ್ಲಿ ಬೆಲೆಗಳು ಚೆಲ್ಲಾಪಿಲ್ಲಿಯಾಗಿದ್ದರೂ ಅವೇ ಚೀಟಿಗಳಿಂದ ಆಟವನ್ನು ಪುನರಾವರ್ತಿಸಿದಂತೆ ಅವು 80-85ರ ಆಸುಪಾಸಿಗೆ ಬರತೊಡಗುತ್ತವೆ. ಆಗ ಚೀಟಿಗಳನ್ನು ಬಯಲು ಮಾಡಿ ಬೇಡಿಕೆ ಮತ್ತು ಪೂರೈಕೆಯ ರೇಖೆಗಳನ್ನು ಎಳೆಯಿಸಿ. ಅವು ಸಂಧಿಸುವುದೂ ಅಲ್ಲಿಯೇ.

ಬಳಿಕ ಡೀಸೆಲ್ ದುಬಾರಿಯಾಯಿತೆಂದು ಹೇಳಿ ಮಾರುವವರೆಲ್ಲರ ವೆಚ್ಚಕ್ಕೆ 30 ರೂಪಾಯಿ ಸೇರಿಸಿ, ಆಡುವ ಮೊದಲು ಹೊಸ ಬೆಲೆಯನ್ನು ಊಹಿಸಿ ಬರೆಯಲು ಹೇಳಿ. ಬೆಲೆಯೂ 30 ಏರುತ್ತದೆಂದೇ ಹೆಚ್ಚಿನವರು ಬರೆದಾರು. ಲೆಕ್ಕದ ಪ್ರಕಾರ ಅದು 95-100ರ ನಡುವೆ ನಿಲ್ಲಬೇಕು, ಐದರ ಬದಲು ಮೂರೇ ವ್ಯಾಪಾರ ಕುದುರಬೇಕು. ಉಳಿದ ಹೊರೆ ಯಾರ ಮೇಲೆ ಬಿತ್ತು, ಯಾರು ಬರಿಗೈಯಲ್ಲಿ ಹಿಂದಿರುಗಿದರು ಎಂಬ ಚರ್ಚೆಗೆ ಒಂದು ಪೂರ್ಣ ಅವಧಿಯನ್ನು ಮೀಸಲಿಡಿ. ಊಹೆ ತಪ್ಪಿದವರೇ ಕಾರಣವನ್ನು ಹುಡುಕುತ್ತಾರೆ. ಆದ್ದರಿಂದ ಊಹೆಗೆ ಅಂಕ ಕೊಡಬೇಡಿ, ವಿವರಣೆಗೆ ಕೊಡಿ. ಪಠ್ಯಕ್ರಮ ಮುಗಿಸುವ ಅವಸರ ನನಗೂ ತಿಳಿದದ್ದೇ, ಆದರೂ ಈ ಎರಡು ಅವಧಿಗಳು ಖಂಡಿತ ದಂಡವಲ್ಲ.

ಪ್ರಶ್ನೆ: ಬ್ಯಾಂಕಿಂಗ್ ಪಾಠಕ್ಕೆ ನಮ್ಮೂರಿನ ಇತಿಹಾಸವನ್ನು ಬಳಸಬಹುದೇ? (ಬಿ.ಎಡ್. ವಿದ್ಯಾರ್ಥಿ, ಮಂಗಳೂರು)

ಉತ್ತರ: ಅವಶ್ಯವಾಗಿ ಬಳಸಬಹುದು, ಆದರೆ ಇಸವಿಗಳ ಪಟ್ಟಿಯಾಗಿ ಅಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆಬಾಗಿಲಿಗೆ ಹೋಗಿ ಸಂಗ್ರಹಿಸಿತು. ಆ ಎರಡಾಣೆ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲೇ ಉಳಿದಿದ್ದರೆ ಏನಾಗುತ್ತಿತ್ತು, ಬ್ಯಾಂಕಿಗೆ ಸೇರಿ ಮತ್ತೊಬ್ಬರಿಗೆ ಸಾಲವಾದಾಗ ಏನಾಯಿತು ಎಂದು ಮಕ್ಕಳಿಂದಲೇ ಹಂತಹಂತವಾಗಿ ಬರೆಯಿಸಿ. ಉಳಿತಾಯ ಬಂಡವಾಳವಾಗುವ ಬಗೆ ಅಲ್ಲಿ ಸ್ಪಷ್ಟವಾಗುತ್ತದೆ. ಈ ಬ್ಯಾಂಕ್ 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದದ್ದನ್ನು ಅದರ ಬಳಿಕ ಹೇಳಿದರೆ ಸಾಕು. ಊರಿನ ಪಿಗ್ಮಿ ಸಂಗ್ರಾಹಕರೊಬ್ಬರನ್ನು ತರಗತಿಗೆ ಕರೆಸಲು ಸಾಧ್ಯವಾದರೆ, ಮಕ್ಕಳು ಪ್ರಶ್ನೆಗಳನ್ನು ಹಿಂದಿನ ದಿನವೇ ಬರೆದುಕೊಂಡು ಬರಲಿ.