ರೆನೆಲ್‌ನನ್ನು ಬಿಡಿ, ಆ ಗೆರೆ ಹಿಡಿಯಿರಿ

ನಮಸ್ಕಾರ. ಬಂಗಾಳದ ಕಡಲಂಚಿನ ಕಾಂಡ್ಲಾ ಕಾಡು ಸುಂದರಬನದ ಮೊದಲ ನಕ್ಷೆಗಳ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ.

ಮೊದಲ ಎರಡು ಪುಟ ತೆಗೆಯಿರಿ. ಗ್ರೀಕರ ಭೂಪಟದಿಂದ ಹೊರಟು ಬಂಗಾಳ ಮುಟ್ಟುವಷ್ಟರಲ್ಲಿ ಓದುವವರು ಎದ್ದು ಹೋಗಿರುತ್ತಾರೆ. ಹುಲಿಯ ವರ್ಣನೆಯೂ ಜಾಸ್ತಿಯಾಯಿತು.

ಒಂದು ತಪ್ಪು ದೊಡ್ಡದು. ಕಾಡಿನ ಗಡಿ ಗುರುತಿಸಿದ್ದು ಜೇಮ್ಸ್ ರೆನೆಲ್ ಅಂದಿದ್ದೀರಿ. ಅಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸರ್ವೇಯರ್ ರೆನೆಲ್ 1764ರಲ್ಲಿ ಅಳೆಯಲು ಹೊರಟಿದ್ದು ನದಿಗಳನ್ನು. ಕಂಪನಿಗೆ ದೋಣಿ ಹೋಗುವ ದಾರಿ ಬೇಕಿತ್ತು. ಗಡಿಗೆರೆ 1829-30ರದು. ಸುಂದರಬನದ ಕಮಿಷನರ್ ಡ್ಯಾಂಪಿಯರ್, ಸರ್ವೇಯರ್ ಹಾಜಸ್ ಸೇರಿ ಹಾಕಿದ್ದು. ನಿಮ್ಮ ಲೇಖನದ ಜೀವ ಇಲ್ಲೇ ಇದೆ, ನೀವು ಅರ್ಧ ಸಾಲಲ್ಲಿ ದಾಟಿಬಿಟ್ಟಿದ್ದೀರಿ! ಉತ್ತರದ ಜಮೀನ್ದಾರರು ಕಾಡು ಕಡಿಸಿ, ಕಟ್ಟೆ ಹಾಕಿಸಿ, ಗದ್ದೆ ಮಾಡಿಕೊಳ್ಳುತ್ತಾ ದಕ್ಷಿಣಕ್ಕೆ ಸರಿಯುತ್ತಿದ್ದರು. ಅವರ ಕಂದಾಯ ಮಾತ್ರ 1793ರಲ್ಲೇ ಕಾಯಂ ಆಗಿತ್ತು. ಹೊಸ ಗದ್ದೆಯ ದುಡ್ಡು ಸರ್ಕಾರಕ್ಕೆ ಹೇಗೆ ಬರಬೇಕು? 1828ರಲ್ಲಿ ಸುಂದರಬನ ಸರ್ಕಾರದ್ದು ಅಂತ ಕಾನೂನು ಮಾಡಿದರು. ಸರಿ, ಸುಂದರಬನ ಎಲ್ಲಿಂದ ಶುರು? ಅದಕ್ಕೇ ಆ ಗೆರೆ. ಅದರ ಕೆಳಗಿನ ಕಾಡನ್ನು ಲಾಟುಗಳಾಗಿ ಹೋಳು ಮಾಡಿ ನಂಬರ್ ಕೊಟ್ಟರು, ಸೈಟ್ ಹಂಚಿದ ಹಾಗೆ.

‘ಯಾರೂ ಇಲ್ಲದ ಪಾಳು ಭೂಮಿ’ ಎಂದು ಬರೆದಿದ್ದೀರಿ. ಅದು ಕಂಪನಿಯವರ ಮಾತು, ನಿಮ್ಮದಲ್ಲ. ಉಪ್ಪು ಬೇಯಿಸುವ ಮಲಂಗಿಗಳು, ಜೇನು ತೆಗೆಯುವವರು, ಸೌದೆ ಕಡಿಯುವವರು ಅಲ್ಲಿಗೆ ಹೋಗಿಬರುತ್ತಿದ್ದರಲ್ವಾ? ಅವರಿಗೆ ಯಾವ ನಂಬರೂ ಇರಲಿಲ್ಲ.

ನೀವು ಕುಮಟೆಯವರು ಅಂತ ಪತ್ರದಲ್ಲಿ ಹೇಳಿದ್ದೀರಿ. ಹಿನ್ನೀರಿನ ಅಂಚಿನ ಗಜನಿ ಗದ್ದೆ ನೋಡಿ ಬೆಳೆದವರು. ಕಟ್ಟೆ ಒಡೆದರೆ ಉಪ್ಪುನೀರು ಹೇಗೆ ನುಗ್ಗುತ್ತದೆ, ಕಗ್ಗ ಭತ್ತ ತಡೆದುಕೊಂಡರೂ ಬೇರೆ ಭತ್ತ ಯಾಕೆ ಸಾಯುತ್ತದೆ ಎಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಸುಂದರಬನದಲ್ಲೂ ದಿನಕ್ಕೆ ಎರಡು ಸಲ ಸಮುದ್ರದ ಭರತ. ಹೊಳೆ ದಂಡೆ ಕೊರೆಯುತ್ತಲೇ ಇರುತ್ತದೆ. ಲಾಟಿನ ಮೂಲೆ ನೀರು ಪಾಲಾದರೂ ನಕ್ಷೆಯಲ್ಲಿ ಇದ್ದ ಹಾಗೇ ಇರುತ್ತದೆ. ಉಪಗ್ರಹ ಚಿತ್ರದ ಬಗ್ಗೆ ಬರೆದ ಪ್ಯಾರಾ ಬಿಟ್ಟು ಇದನ್ನು ಬರೆಯಿರಿ.

1,200 ಪದ ಸಾಕು. ಹುಲಿಯ ಫೋಟೋ ಬೇಡ. ಒಂದೇ ಒಂದು ನಕ್ಷೆ ಕಳಿಸಿ, ಹಾಜಸ್‌ನ ಗೆರೆ ಈಗ ಯಾವ ಊರು, ಯಾವ ಗದ್ದೆಗಳ ನಡುವೆ ಹೋಗುತ್ತದೆ ಎಂದು ಕಾಣುವಂಥದ್ದು. ಕಾಡು ಅಲ್ಲಿಂದ ಎಷ್ಟು ದೂರ ಸರಿದಿದೆ ಅಂತ ಓದುವವರೇ ನೋಡಿಕೊಳ್ಳಲಿ.