ಒಣಗಿದರೆ ಸಾಲದು, ಎಲೆ ಹದವಾಗಬೇಕು

ಹುಣಸೂರು ಕಡೆಯವರಾಗಿ ಈಗ ನ್ಯಾಶ್‌ವಿಲ್‌ನಲ್ಲಿ ನೆಲೆಸಿರುವ ಓದುಗರೊಬ್ಬರ ಪತ್ರ: ‘ಕೆಂಟಕಿಯ ಹಾಪ್ಕಿನ್ಸ್‌ವಿಲ್ ದಾರಿಯಲ್ಲಿ ಮರದ ಕೊಟ್ಟಿಗೆಯೊಂದರ ಸಂದುಗಳಿಂದೆಲ್ಲ ಹೊಗೆ ಬರುತ್ತಿತ್ತು. ಬೆಂಕಿ ಬಿದ್ದಿದೆಯೆಂದು ಕಾರು ನಿಲ್ಲಿಸಿದೆವು. ತಂಬಾಕು ಒಣಗಿಸುತ್ತಿದ್ದಾರಂತೆ! ನಮ್ಮೂರ ಬ್ಯಾರನ್‌ನಲ್ಲಿ (ತಂಬಾಕು ಬೇಯಿಸುವ ಮನೆ) ಆರು ದಿನಕ್ಕೆ ಮುಗಿಯುವ ಕೆಲಸಕ್ಕೆ ಅಮೆರಿಕದವರು ವಾರಗಟ್ಟಲೆ ಹೊಗೆ ಹಾಕುವುದೇಕೆ? ಇಂಥ ಬೆಳೆಯ ಬಗ್ಗೆ ಪತ್ರಿಕೆಗಳು ಬರೆಯುವುದೂ ತಪ್ಪಲ್ಲವೇ?’

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ತಂಬಾಕು ಕ್ಯಾನ್ಸರ್ ತರುತ್ತದೆ. ನೀವು ಕೆಂಟಕಿಯಲ್ಲಿ ಕಂಡ ಕಪ್ಪು ತಂಬಾಕಿನಿಂದಾಗುವ ನಶ್ಯ, ಬಾಯಿಗಿಡುವ ಪುಡಿ ಕೂಡ. ಅದರಲ್ಲಿ ವಾದವಿಲ್ಲ. ಆದರೆ ಬೆಳೆದವನ ಕಸುಬನ್ನು ತಿಳಿಯಲೇಬಾರದು ಎಂದರೆ ಒಪ್ಪಲಾರೆ. ನನಗೆ ಚುಚ್ಚಿದ್ದು ನಿಮ್ಮ ‘ಒಣಗಿಸು’ ಎಂಬ ಮಾತು. ನಿಮ್ಮ ಸೀಮೆಯಲ್ಲೇ ತಂಬಾಕು ‘ಬೇಯಿಸುವುದು’ ಎನ್ನುತ್ತಾರೆ, ಮರೆತಿರಾ?

ಕೊಯ್ದ ಎಲೆ ಕೂಡಲೇ ಸಾಯುವುದಿಲ್ಲ. ಹಸಿರು ಕರಗಿ, ಪಿಷ್ಟ ಒಡೆದು ಹಳದಿಗೆ ತಿರುಗುವವರೆಗೆ ಅದು ಬದುಕಿರಬೇಕು. ಅವಸರದ ಶಾಖಕ್ಕೆ ಸತ್ತರೆ ಹಸಿರು ಅಲ್ಲೇ ನಿಂತುಬಿಡುತ್ತದೆ, ಆಮೇಲೆ ಯಾವ ಬೆಂಕಿಯೂ ಅದನ್ನು ಸರಿಮಾಡಲಾರದು. ಹುಣಸೂರಿನಲ್ಲಿ ಎಲೆಗಳನ್ನು ಬುಡದಿಂದ ಒಂದೊಂದೇ ಸುತ್ತು ಮುರಿದು ಕಡ್ಡಿಗೆ ಕಟ್ಟುತ್ತಾರೆ. ಕಬ್ಬಿಣದ ಕೊಳವೆ ಶಾಖ ಕೊಡುತ್ತದೆ, ಎಲೆಗೆ ಹೊಗೆ ತಾಕುವುದೇ ಇಲ್ಲ; ಹಳದಿ ಬಣ್ಣವನ್ನು ಅಲ್ಲೇ ಹಿಡಿದಿಟ್ಟು, ಶಾಖವನ್ನು ಸುಮಾರು 70 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ ದೇಟು ಒಣಗಿಸುತ್ತಾರೆ. ನಿಪ್ಪಾಣಿಯ ಬೀಡಿ ತಂಬಾಕಿಗೆ ಬಿಸಿಲೇ ಒಲೆ. ‘ಹೊಗೆಸೊಪ್ಪು’ ಎಂಬ ನಮ್ಮ ಮಾತು ಅಕ್ಷರಕ್ಕೆ ಅಕ್ಷರ ಒಪ್ಪುವುದು ಕೆಂಟಕಿಯ ಎಲೆಗೆ.

ಅಲ್ಲಿ ಎಕರೆಗೆ ಸುಮಾರು 4,500 ಗಿಡ ಮಾತ್ರ. ಕುಡಿ ಚಿವುಟಿ ಗಿಡಕ್ಕೆ ಹತ್ತರಿಂದ ಹದಿನಾರು ಎಲೆ ಉಳಿಸಿ, ಕಂಕುಳ ಚಿಗುರನ್ನು ತಡೆಯುತ್ತಾರೆ. ಗಿಡದ ಕಸುವೆಲ್ಲ ಆ ಎಲೆಗಳಿಗೇ ಇಳಿದು ಅವು ದಪ್ಪಗಾಗುತ್ತವೆ. ಕುಡಿ ಚಿವುಟಿದ ಐದಾರು ವಾರಕ್ಕೆ ಇಡೀ ಗಿಡ ಕಡಿದು, ಕೋಲಿಗೆ ಐದಾರರಂತೆ ಏರಿಸಿ ಕೊಟ್ಟಿಗೆಯಲ್ಲಿ ತೂಗುಹಾಕುತ್ತಾರೆ. ಮೊದಲ ಕೆಲವು ದಿನ ಬೆಂಕಿಯೇ ಇಲ್ಲ. ಎಲೆ ಬಾಡಿ ಹಳದಿ ಕಾಣಿಸಿದ ಮೇಲೆ ನೆಲದಲ್ಲಿ ಹಿಕರಿ, ಓಕ್ ಮರದ ಸೀಳುಗಳನ್ನು ಸಾಲಾಗಿ ಹರಡಿ ಮೇಲೆ ಗರಗಸದ ಹೊಟ್ಟು ಮುಚ್ಚುತ್ತಾರೆ. ಹೊಟ್ಟಿನಡಿ ಸೌದೆ ಉರಿಯಬಾರದು, ಕನಲಬೇಕು. ಜ್ವಾಲೆ ಎದ್ದರೆ ಬೆಳೆಯ ಜೊತೆ ಕೊಟ್ಟಿಗೆಯೂ ಹೋಯಿತು. ಮೊದಲ ಬೆಂಕಿ 38 ಡಿಗ್ರಿ ದಾಟಬಾರದು, ದಾಟಿದರೆ ಎಲೆ ನೀಲಿಗಟ್ಟಿ ಕೆಡುತ್ತದೆ. ಹಳದಿ ತುಂಬಿದ ಮೇಲೆ 46, ಕಂದು ಹಿಡಿದ ಮೇಲೆ ದೇಟು ಒಣಗಲು ಹೆಚ್ಚೆಂದರೆ 54. ಕೊನೆಗೆ ಶಾಖ ತಗ್ಗಿಸಿ, ಹೊಟ್ಟು ಒದ್ದೆಮಾಡಿ, ದಟ್ಟ ಹೊಗೆ. ಎಲೆಯ ಮೈಗೆ ಹೊಳಪು ಬರುವುದು, ಘಮ ಅಂಟುವುದು ಇಲ್ಲಿ. ಇದು ಆರು ದಿನದ ಕೆಲಸವೇ?

ಇಷ್ಟು ಕಾದು ಹದ ಮಾಡಿದವನಿಗೆ ಬೆಲೆ ಹೇಳುವ ಹಕ್ಕು ಮಾತ್ರ ಇರಲಿಲ್ಲ. ಅಮೆರಿಕನ್ ಟೊಬ್ಯಾಕೋ ಕಂಪನಿಯ ಕೂಟ ಕೊಟ್ಟದ್ದೇ ದರ. ಅದಕ್ಕೇ 1904ರ ಸೆಪ್ಟೆಂಬರ್ 24ರಂದು ಗಥ್ರಿ ಎಂಬ ಊರಿನಲ್ಲಿ ಸಾವಿರಾರು ರೈತರು ಸೇರಿ ಸಂಘ ಕಟ್ಟಿದರು. ಸಿಟ್ಟು ದಾರಿ ತಪ್ಪಿ, 1907ರ ಡಿಸೆಂಬರ್‌ನಲ್ಲಿ ಮುಸುಕುಧಾರಿಗಳು ಹಾಪ್ಕಿನ್ಸ್‌ವಿಲ್‌ನ ಗೋದಾಮುಗಳಿಗೆ ಬೆಂಕಿಯಿಟ್ಟರು. ಕೂಟವನ್ನು ಸುಪ್ರೀಂ ಕೋರ್ಟ್ ಒಡೆದದ್ದು 1911ರಲ್ಲಿ. ನಿಮ್ಮ ಸೀಮೆಗೆ ತಂಬಾಕು ಮಂಡಳಿಯ ಹರಾಜು ಬಂದದ್ದು 1984ರಲ್ಲಿ. ಇವತ್ತಿಗೂ ಬೆಲೆ ಹೇಳುವುದು ಕೊಳ್ಳುವವರು, ಎದುರು ನಿಂತು ಕಾಯುವವನು ರೈತ. ನಮ್ಮ ಕೃಷಿ ಪುಟಗಳೋ ಎಕರೆಗೆ ಎಷ್ಟು ಕ್ವಿಂಟಲ್ ಎಂಬಲ್ಲಿಗೇ ನಿಲ್ಲುತ್ತವೆ. ಅಡಿಕೆ ಬೇಯಿಸುವ ಚೊಗರಿನ ಹದ, ಏಲಕ್ಕಿಯ ಹಸಿರು ಉಳಿಸುವ ಶಾಖ, ಬೆಲ್ಲದ ಪಾಕ ಇವೆಲ್ಲ ಯಾರ ಬರಹಕ್ಕೂ ಬೇಡವಾಗಿವೆ. ಕೊಯ್ಲಿನ ನಂತರದ ಅರ್ಧ ಬೇಸಾಯವನ್ನು ನಾವು ಬೇಸಾಯವೆಂದೇ ಎಣಿಸುತ್ತಿಲ್ಲ.

ಇನ್ನೊಮ್ಮೆ ಆ ದಾರಿಯಲ್ಲಿ ಹೋಗುವಿರಾದರೆ, ಬೆಂಕಿ ಆರಿದ ಮೇಲಿನ ಒಂದು ಜಿಟಿಜಿಟಿ ದಿನ ಹೋಗಿ. ಒಣಹವೆಯಲ್ಲಿ ಮುಟ್ಟಿದರೆ ಎಲೆ ಪುಡಿಯಾಗುತ್ತದೆ, ತೀರಾ ಒದ್ದೆಯಾಗಿ ಇಳಿಸಿದರೆ ರಾಶಿಯಲ್ಲಿ ಬೂಷ್ಟು. ಒಂದು ಎಲೆ ಕೇಳಿ ಪಡೆದು ಮುಷ್ಟಿಯಲ್ಲಿ ಹಿಡಿದು ಬಿಡಿ. ಬಿರಿಯದೆ ಮೆಲ್ಲಗೆ ಅರಳಿ, ದೇಟಿನ ಬುಡ ಬಗ್ಗಿಸಿದಾಗ ಮಾತ್ರ ಲಟಕ್ಕೆಂದರೆ, ಇಳಿಸಲು ಅದೇ ಹದ.