ನ್ಯೂಟ್ರಾನ್ ನಕ್ಷತ್ರದ ಅಂಚು ಲೆಕ್ಕಕ್ಕೆ ಏಕೆ ಸಿಗುತ್ತಿಲ್ಲ?

ಪ್ರಶ್ನೆ: ನ್ಯೂಟ್ರಾನ್ ನಕ್ಷತ್ರದ (ಸಿಡಿದ ಭಾರಿ ನಕ್ಷತ್ರ ಉಳಿಸಿಹೋದ ಅತಿದಟ್ಟ ತಿರುಳಿನ) ಒಳರಚನೆಯನ್ನು ತಿಳಿಸುವ ಟೋಲ್ಮನ್–ಓಪನ್‌ಹೈಮರ್–ವೋಲ್ಕಾಫ್ ಸಮೀಕರಣಗಳನ್ನು ಪುಟ್ಟ ಹೆಜ್ಜೆಗಳಲ್ಲಿ ಸಾಗುವ ನಾಲ್ಕನೇ ದರ್ಜೆಯ ರುಂಗೆ–ಕುಟ್ಟಾ ವಿಧಾನದಿಂದ ಪೈಥಾನ್‌ನಲ್ಲಿ ಬಿಡಿಸುತ್ತಿದ್ದೇನೆ. ಕೇಂದ್ರದಿಂದ ಹೊರಟು ಒತ್ತಡ ಸೊನ್ನೆಯಾಗುವ ತನಕ ಹೋಗುತ್ತೇನೆ. ಹೆಜ್ಜೆಯ ಅಳತೆ ಬದಲಿಸಿದಾಗಲೆಲ್ಲ ತ್ರಿಜ್ಯವೂ ಬದಲಾಗುತ್ತದೆ. ಕೆಲವೊಮ್ಮೆ ಉತ್ತರ ‘ನ್ಯಾನ್’ (ಸಂಖ್ಯೆಯೇ ಅಲ್ಲ) ಎಂದೇ ಬರುತ್ತದೆ. ಹೆಜ್ಜೆಯನ್ನು ಇನ್ನೂ ಕಿರಿದು ಮಾಡಬೇಕೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಸಾಗರ

ಉತ್ತರ: ಬೇಡ. ಹೆಜ್ಜೆ ಕಿರಿದಾದರೆ ತಪ್ಪಿನ ಗಾತ್ರ ಕುಗ್ಗುತ್ತದೆಯೇ ಹೊರತು ಅದರ ಮೂಲ ಹಾಗೆಯೇ ಉಳಿಯುತ್ತದೆ. ಆ ಮೂಲ ಇರುವುದು ನಕ್ಷತ್ರದ ಮೇಲ್ಮೈಯಲ್ಲಿ. ನೀವು ಸಾಗರದವರು, ಜೋಗವನ್ನು ಕಂಡವರು. ಬಂಡೆಯ ಮೇಲೆ ಹರಿದು ಬಂದ ಶರಾವತಿ ಅಂಚಿನಲ್ಲಿ ಒಮ್ಮೆಗೇ 253 ಮೀಟರ್ ಕೆಳಗೆ ಧುಮುಕುತ್ತದೆ. ಸುಮಾರು 12 ಕಿ.ಮೀ. ತ್ರಿಜ್ಯದ ನ್ಯೂಟ್ರಾನ್ ನಕ್ಷತ್ರದಲ್ಲಿಯೂ ಹಾಗೆಯೇ, ಕಡೆಯ ಒಂದು ಕಿ.ಮೀ.ಯಷ್ಟು ದಪ್ಪದ ಹೊರಪದರದೊಳಗೆ ಸಾಂದ್ರತೆ ಹತ್ತರ ಹತ್ತಕ್ಕೂ ಹೆಚ್ಚು ಘಾತಗಳಷ್ಟು ಇಳಿದುಬಿಡುತ್ತದೆ. ಒಂದೇ ಅಳತೆಯ ಹೆಜ್ಜೆ ಇಡುತ್ತ ಬಂದ ಪ್ರೋಗ್ರಾಮಿಗೆ ಅಂಚು ಬಂತೆಂದು ತಿಳಿಯುವುದು ಅದನ್ನು ದಾಟಿದ ಮೇಲೆಯೇ.

‘ನ್ಯಾನ್’ ಹುಟ್ಟುವುದೂ ಅಲ್ಲಿಯೇ. ರುಂಗೆ–ಕುಟ್ಟಾ ವಿಧಾನ ಪ್ರತಿ ಹೆಜ್ಜೆಯಲ್ಲಿ ನಾಲ್ಕು ಸಲ ಇಳಿಜಾರನ್ನು ಅಳೆಯುತ್ತದೆ. ಅವುಗಳಲ್ಲಿ ಒಂದು ಮೇಲ್ಮೈಯ ಆಚೆ ಬಿದ್ದರೂ ಒತ್ತಡ ಋಣವಾಗುತ್ತದೆ, ಸಾಂದ್ರತೆಗಾಗಿ ಪ್ರೋಗ್ರಾಮ್ ಋಣಸಂಖ್ಯೆಯ ವರ್ಗಮೂಲ ತೆಗೆಯಲು ಹೊರಡುತ್ತದೆ.

ಪರಿಹಾರವೆಂದರೆ ಯಾವುದರ ಮೇಲೆ ಹೆಜ್ಜೆ ಇಡುತ್ತೀರೋ ಅದನ್ನೇ ಬದಲಿಸುವುದು. 1992ರಲ್ಲಿ ಭೌತವಿಜ್ಞಾನಿ ಲೀ ಲಿಂಡ್‌ಬ್ಲಮ್ ತ್ರಿಜ್ಯದ ಬದಲು ಎಂಥಾಲ್ಪಿಯನ್ನು ಸ್ವತಂತ್ರ ಚರವಾಗಿ ಬಳಸಿದರು: ಒತ್ತಡದ ಏರಿಕೆಯನ್ನು ಶಕ್ತಿಸಾಂದ್ರತೆ ಮತ್ತು ಒತ್ತಡಗಳ ಮೊತ್ತದಿಂದ ಭಾಗಿಸಿ, ಸೊನ್ನೆ ಒತ್ತಡದಿಂದ ಅನುಕಲಿಸಿದರೆ ಸಿಗುವ ರಾಶಿ ಅದು. ಮೇಲ್ಮೈಯಲ್ಲಿ ಅದು ಸೊನ್ನೆಯೆಂದು ಮೊದಲೇ ಗೊತ್ತಿರುವುದರಿಂದ ಕಡೆಯ ಹೆಜ್ಜೆ ಸರಿಯಾಗಿ ಅಂಚಿನ ಮೇಲೆಯೇ ಬೀಳುತ್ತದೆ. ತ್ರಿಜ್ಯವನ್ನು ಹುಡುಕಬೇಕಿಲ್ಲ, ಲೆಕ್ಕವೇ ಅದನ್ನು ಕೊಡುತ್ತದೆ. ಈ ಉಪಾಯದ ಸೊಗಸು ನನಗೆ ಇಂದಿಗೂ ಹಳತಾಗಿಲ್ಲ. ಕೇಂದ್ರದಲ್ಲಿ ಮಾತ್ರ ಸಮೀಕರಣ ಸೊನ್ನೆಯಿಂದ ಭಾಗಿಸಲು ಹೋಗುತ್ತದೆ, ಆದ್ದರಿಂದ ಮೊದಲ ಪುಟ್ಟ ಹೆಜ್ಜೆಯನ್ನು ಶ್ರೇಣಿ ವಿಸ್ತರಣೆಯಿಂದ ಇಡಿ.

ಸ್ಥಿತಿ ಸಮೀಕರಣವನ್ನು, ಅಂದರೆ ಒತ್ತಡಕ್ಕೂ ಸಾಂದ್ರತೆಗೂ ಇರುವ ನಂಟನ್ನು, ಕೋಷ್ಟಕದಿಂದ ಓದುವುದಾದರೆ ಒತ್ತಡ, ಸಾಂದ್ರತೆ ಎರಡರ ಲಾಗರಿದಮ್‌ಗಳ ನಡುವೆ ಅಂತರ್ವೇಶನ (ಕೋಷ್ಟಕದಲ್ಲಿಲ್ಲದ ನಡುವಿನ ಬೆಲೆಗಳ ಅಂದಾಜು) ಮಾಡಿ.

ಇನ್ನು ಪರೀಕ್ಷೆ. ಗುರುತ್ವ ಸ್ಥಿರಾಂಕ, ಬೆಳಕಿನ ವೇಗ, ಸೂರ್ಯನ ದ್ರವ್ಯರಾಶಿ ಮೂರೂ 1 ಆಗಿರುವ ಮಾನದಲ್ಲಿ, ಒತ್ತಡವು ಸಾಂದ್ರತೆಯ ವರ್ಗದ 100 ಪಟ್ಟು ಇರುವ, ಕೇಂದ್ರ ಸಾಂದ್ರತೆ 0.00128 ಇರುವ ನಕ್ಷತ್ರವನ್ನು ಈ ಕ್ಷೇತ್ರದವರೆಲ್ಲ ಒರೆಗಲ್ಲಾಗಿ ಬಳಸುತ್ತಾರೆ. ನಿಮಗೆ ದ್ರವ್ಯರಾಶಿ 1.400, ತ್ರಿಜ್ಯ 9.59, ಅಂದರೆ ಸುಮಾರು 14.15 ಕಿ.ಮೀ. ಬರಬೇಕು. ಆರಂಭದ ಬಿಂದುವನ್ನು ಕದಲಿಸದೆ ಹೆಜ್ಜೆಯನ್ನು ಎರಡು ಸಲ ಅರ್ಧಕ್ಕಿಳಿಸಿ, ಸಿಕ್ಕ ಮೂರು ತ್ರಿಜ್ಯಗಳ ಅಂತರಗಳನ್ನು ಹೋಲಿಸಿ; ಎರಡನೆಯ ಅಂತರ ಮೊದಲನೆಯದರ ಸುಮಾರು ಹದಿನಾರನೇ ಒಂದು ಭಾಗವಿರಬೇಕು. ಅಂತರಗಳು ಹೀಗೆ ಕುಗ್ಗಿಯೂ ದ್ರವ್ಯರಾಶಿ ತಪ್ಪಾಗಿ ಬಂದರೆ, 0.00128 ಎಂಬುದನ್ನು ಶಕ್ತಿಸಾಂದ್ರತೆ ಎಂದು ತಿಳಿದಿರಬಹುದು. ಅದು ನಿಶ್ಚಲ ದ್ರವ್ಯರಾಶಿಯ ಸಾಂದ್ರತೆ. ಈ ನಕ್ಷತ್ರದಲ್ಲಿ ಅದಕ್ಕೆ ಒತ್ತಡವನ್ನೂ ಕೂಡಿಸಿದಾಗಲೇ ಶಕ್ತಿಸಾಂದ್ರತೆ ಸಿಗುತ್ತದೆ.